ಮಗುವಿನ ಹೊಟ್ಟೆನೋವಿಗೊಂದು ಪುಸ್ತಕ



ಇವತ್ತು ಮಕ್ಕಳ ಹೊಟ್ಟೆನೋವಿನ ಬಗ್ಗೆ ಮಾತಾಡೋಣ. ಒಂದು ದಿನ ಬಂದು ಹೋಗುವ ಹೊಟ್ಟೆನೋವಲ್ಲ. ಮಗು ಜಾತ್ರೆಯಲ್ಲಿ ಏನೋ ತಿಂದು ಬರುತ್ತದೆ. ರಾತ್ರಿ ಎರಡು ಸಲ ವಾಂತಿ ಮಾಡುತ್ತದೆ. ಬೆಳಿಗ್ಗೆ ಎದ್ದು ಆಡೋಕೆ ಓಡುತ್ತದೆ. ಅದರ ಮಾತು ಬೇರೆ. ನಾನು ಹೇಳುವುದು ಮತ್ತೆ ಮತ್ತೆ ಬರುವ ನೋವಿನ ಬಗ್ಗೆ. ವಾರಕ್ಕೊಮ್ಮೆ ಬರುತ್ತೆ, ಹದಿನೈದು ದಿನಕ್ಕೊಮ್ಮೆ ಬರುತ್ತೆ. ಮಗು ಹೊಟ್ಟೆ ಹಿಡಿದು ಮೂಲೆಯಲ್ಲಿ ಕೂರುತ್ತದೆ. ತಟ್ಟೆ ಮುಂದಿಟ್ಟರೆ ಮುಖ ತಿರುಗಿಸುತ್ತದೆ. "ಅಮ್ಮಾ, ಹೊಟ್ಟೆ ತೊಳಸುತ್ತೆ" ಅನ್ನುತ್ತದೆ. ವಾಕರಿಸುತ್ತದೆ, ವಾಂತಿ ಬರುವುದಿಲ್ಲ. ಒಂದು ಗಂಟೆ ಕಳೆದರೆ ಏನೂ ಆಗಿಲ್ಲ ಅನ್ನುವ ಹಾಗೆ ಇರುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆಯುತ್ತದೆ.

ಇಂಥ ಮಗು ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ ಪಕ್ಕದ ಮನೆಯಲ್ಲಿ ಇರುತ್ತದೆ. ನಮ್ಮ ಕಡೆ ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ ಜಾನ್ ಆಪ್ಲಿ ಅಂತ ಒಬ್ಬ ಮಕ್ಕಳ ಡಾಕ್ಟರು ಇದ್ದರು. ಅವರು ಒಂದು ಸಾವಿರ ಶಾಲಾ ಮಕ್ಕಳನ್ನು ವಿಚಾರಿಸಿ ನೋಡಿದರು. ಕಂಡದ್ದನ್ನು 1958ರಲ್ಲಿ ಪ್ರಕಟಿಸಿದರು. ಸುಮಾರು ಹತ್ತು ಮಕ್ಕಳಲ್ಲಿ ಒಂದು ಮಗುವಿಗೆ ಹೀಗೆ ಮತ್ತೆ ಮತ್ತೆ ಹೊಟ್ಟೆನೋವು ಬರುತ್ತಿತ್ತು. ಅವರಲ್ಲಿ ಹೆಚ್ಚಿನ ಮಕ್ಕಳಿಗೆ ದೊಡ್ಡ ಕಾಯಿಲೆ ಏನೂ ಇರಲಿಲ್ಲ. ಆದರೂ ನೋವು ನಿಜವಾಗಿ ಇತ್ತು. ಈ ಎರಡು ಮಾತನ್ನೂ ಒಟ್ಟಿಗೆ ನೆನಪಿಡಿ. ಹೆದರಬೇಡಿ. ಹಾಗಂತ ಮಗು ನಾಟಕ ಆಡ್ತಿದೆ ಅಂತಲೂ ಹೇಳಬೇಡಿ.

ಹೊಟ್ಟೆನೋವು ಬಂದರೆ ನಾವು ಏನು ಮಾಡ್ತೀವಿ? ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೀತೀವಿ. ತೆಗೀರಿ, ಮಗುವಿಗೆ ಏನೂ ಕೆಡುಕಾಗಲ್ಲ. ಅಜ್ಜಿ ಪಕ್ಕ ಕೂತು ಹೊಟ್ಟೆ ಸವರಿದರೆ ಮಗುವಿಗೆ ಸಮಾಧಾನವೂ ಆಗುತ್ತೆ. ಓಂಕಾಳಿನ ನೀರು, ಮಜ್ಜಿಗೆಗೆ ಚೂರು ಇಂಗು, ಇವೂ ಸರಿ. ಆದರೆ ಎರಡು ಕೆಲಸ ಮಾತ್ರ ಬೇಡವೇ ಬೇಡ.

ಒಂದು, ಹೊಟ್ಟೆಯ ಮೇಲೆ ಬರೆ ಹಾಕಿಸುವುದು. ಈಗಲೂ ಅಲ್ಲಲ್ಲಿ ಹಾಕಿಸುತ್ತಾರೆ. ಶಾಲೆಗೆ ಬರುವ ಕೆಲವು ಮಕ್ಕಳ ಹೊಟ್ಟೆ ಮೇಲೆ ಆ ಗುರುತು ನಾನು ನೋಡಿದ್ದೇನೆ. "ಬರೆ ಹಾಕಿದ ಮೇಲೆ ನೋವು ಹೋಯ್ತು ಟೀಚರಮ್ಮ" ಅಂತಾರೆ. ನೋವು ಹೋಗಿಲ್ಲ. ಮಗುವಿಗೆ ಬಾಯಿ ಬಿಡಲು ಹೆದರಿಕೆ. ನೋವು ಅಂದರೆ ಮತ್ತೆ ಸುಡುತ್ತಾರೆ ಅಂತ ಸುಮ್ಮನಾಗಿದೆ. ಒಳಗೆ ಕಾಯಿಲೆ ಇದ್ದರೆ ಅದು ಹೇಳದೆ ಬೆಳೆಯುತ್ತದೆ. ಸುಟ್ಟ ಗಾಯ ಕೀವಾದರೆ ಅದು ಇನ್ನೊಂದು ಕಾಯಿಲೆ.

ಎರಡು, ಜೋರಾಗಿ ನೋವು ಬಂದ ಮಗುವಿಗೆ ಹರಳೆಣ್ಣೆ ಕುಡಿಸಿ ಭೇದಿ ಮಾಡಿಸುವುದು. ಯಾಕೆ ಬೇಡ ಅಂತ ಮುಂದೆ ಹೇಳ್ತೀನಿ.

ಹಾಗಾದರೆ ಮಾಡಬೇಕಾದ್ದು ಏನು? ನೀವು ಈಗ ಅಕ್ಷರ ಕಲಿತಿದ್ದೀರಿ. ಒಂದು ಹಳೇ ನೋಟ್ ಪುಸ್ತಕ ತಗೊಳ್ಳಿ. ಮಗುವಿಗೆ ನೋವು ಬಂದಾಗಲೆಲ್ಲ ಅದರಲ್ಲಿ ಎರಡು ಸಾಲು ಬರೀರಿ. ಯಾವ ವಾರ, ಎಷ್ಟು ಗಂಟೆ. ನೋವು ಎಲ್ಲಿ. ಎಷ್ಟು ಹೊತ್ತು ಇತ್ತು. ವಾಂತಿ ಆಯ್ತಾ. ಅದಕ್ಕೆ ಮುಂಚೆ ಏನು ತಿಂದಿತ್ತು. ಎರಡಕ್ಕೆ ಹೋಗಿ ಎಷ್ಟು ದಿನ ಆಯ್ತು. ಕಾಗುಣಿತ ತಪ್ಪಾದರೂ ಚಿಂತೆ ಇಲ್ಲ. ಹೀಗೆ ಬರೆದರೆ ಸಾಕು:

ಸೋಮವಾರ. ಬೆಳಿಗ್ಗೆ 8 ಗಂಟೆ. ಹೊಕ್ಕಳ ಸುತ್ತ ನೋವು. ಅರ್ಧ ಗಂಟೆ. ವಾಂತಿ ಇಲ್ಲ. ತಿಂಡಿ ತಿಂದಿಲ್ಲ. ಎರಡಕ್ಕೆ ಹೋಗಿ 3 ದಿನ.

ಗುರುವಾರ. ಬೆಳಿಗ್ಗೆ 8 ಗಂಟೆ. ಹೊಕ್ಕಳ ಹತ್ತಿರ ನೋವು. ವಾಕರಿಕೆ. ಕಾಫಿ ಮಾತ್ರ ಕುಡಿದ. ಎರಡಕ್ಕೆ ಹೋಗಿಲ್ಲ.

ಭಾನುವಾರ. ನೋವು ಇಲ್ಲ.

ನಮ್ಮ ಕಲಿಕಾ ಕೇಂದ್ರದ ಒಬ್ಬ ತಾಯಿ ಇಪ್ಪತ್ತು ದಿನ ಹೀಗೆ ಬರೆದರು. ಆಮೇಲೆ ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಡಾಕ್ಟರು ಆ ಪುಸ್ತಕ ಓದಿದರು. ಹುಡುಗನ ಹೊಟ್ಟೆ ಒತ್ತಿ ನೋಡಿದರು. ಆಮೇಲೆ ಕೇಳಿದ್ದು ಎರಡೇ ಪ್ರಶ್ನೆ. "ಶಾಲೆಯಲ್ಲಿ ಕಕ್ಕಸ್ಸಿಗೆ ಹೋಗ್ತೀಯಾ? ಬೆಳಿಗ್ಗೆ ಮನೆಯಲ್ಲಿ ಹೋಗೋಕೆ ಪುರುಸೊತ್ತು ಇರುತ್ತಾ?" ಎರಡಕ್ಕೂ ಹುಡುಗ ಇಲ್ಲ ಅಂದ. ಅವನ ಕಾಯಿಲೆ ಮಲಬದ್ಧತೆ. ಎಂಟು ತಿಂಗಳಿಂದ ದೇವರು, ತಾಯತ, ಅಂಗಡಿ ಮಾತ್ರೆ ಅಂತ ತಿರುಗಿದ್ದರು.

ಮಲಬದ್ಧತೆ ಅಂದರೆ ನಾವು ಮುದುಕರ ಕಾಯಿಲೆ ಅಂದುಕೊಂಡಿದ್ದೀವಿ. ಮಕ್ಕಳ ಹೊಟ್ಟೆನೋವಿಗೆ ಇದು ತುಂಬಾ ದೊಡ್ಡ ಕಾರಣ. ಎಷ್ಟೋ ಕಡೆ ಶಾಲೆಯಲ್ಲಿ ಕಕ್ಕಸ್ಸು ಇರುತ್ತದೆ, ನೀರು ಇರುವುದಿಲ್ಲ. ನೀರಿದ್ದರೆ ಚಿಲಕ ಇರುವುದಿಲ್ಲ. ಕಡೂರಿನ ಬಯಲು ಹಳ್ಳಿಗಳಲ್ಲಿ ಬೇಸಿಗೆ ಬಂದರೆ ಕುಡಿಯೋಕೇ ನೀರು ಸಾಲದು, ಕಕ್ಕಸ್ಸಿಗೆ ಎಲ್ಲಿಂದ ತರೋದು? ಮಕ್ಕಳು ತಡೆದುಕೊಳ್ಳುತ್ತಾರೆ. ಹೆಣ್ಣುಮಕ್ಕಳಂತೂ ಹೋಗಬೇಕಾಗುತ್ತೆ ಅಂತ ನೀರೇ ಕುಡಿಯುವುದಿಲ್ಲ. ತಡೆದು ತಡೆದು ಮಲ ಗಟ್ಟಿಯಾಗುತ್ತದೆ. ಹೋಗುವಾಗ ನೋಯುತ್ತದೆ. ನೋಯುತ್ತೆ ಅಂತ ಮಗು ಇನ್ನೂ ತಡೆಯುತ್ತದೆ. ಕರುಳು ತುಂಬಿ ಹೊಟ್ಟೆ ನೋಯುತ್ತದೆ, ಹಸಿವು ಹೋಗುತ್ತದೆ, ವಾಕರಿಕೆ ಬರುತ್ತದೆ. ಕೆಲವು ಮಕ್ಕಳಿಗೆ ಚಡ್ಡಿಯಲ್ಲಿ ಸ್ವಲ್ಪ ಸ್ವಲ್ಪ ಸೋರುತ್ತದೆ. ಆಗ ಸೋಮಾರಿ, ಗಲೀಜು ಅಂತ ಹೊಡೀತೀವಿ. ಅದು ಮಗುವಿನ ಕೈಯಲ್ಲಿಲ್ಲ. ಗಟ್ಟಿ ಮಲದ ಪಕ್ಕದಿಂದ ನೀರಾದದ್ದು ತಾನಾಗಿ ಜಾರುತ್ತದೆ.

ಇದಕ್ಕೆ ಮನೆಯಲ್ಲೇ ತುಂಬಾ ಮಾಡಬಹುದು. ಬೆಳಿಗ್ಗೆ ಮಗುವನ್ನು ಅರ್ಧ ಗಂಟೆ ಬೇಗ ಎಬ್ಬಿಸಿ. ಏನಾದರೂ ತಿಂದ ಮೇಲೆ ಐದು ಹತ್ತು ನಿಮಿಷ ಕೂರಿಸಿ. ಅವಸರ ಮಾಡಬೇಡಿ, ಬೈಯಬೇಡಿ. ಊಟದಲ್ಲಿ ಸೊಪ್ಪು, ರಾಗಿ, ಕಾಳು ಇರಲಿ. ಬಾಳೆಹಣ್ಣು, ಪರಂಗಿ ಹಣ್ಣು ಕೊಡಿ. ಶಾಲೆಗೆ ನೀರಿನ ಬಾಟಲಿ ಕೊಟ್ಟು ಕಳಿಸಿ. ಹಳೇ ಮಲಬದ್ಧತೆ ಆದರೆ ಡಾಕ್ಟರು ಔಷಧಿ ಕೊಡುತ್ತಾರೆ. ಅದನ್ನು ಕೆಲವು ತಿಂಗಳು ಕೊಡಬೇಕಾಗಬಹುದು, ಮಧ್ಯದಲ್ಲಿ ಬಿಡಬೇಡಿ. ಇನ್ನು ಕಕ್ಕಸ್ಸಿನ ವಿಷಯ. ಶಾಲೆಯಲ್ಲಿ ಎಸ್.ಡಿ.ಎಂ.ಸಿ. ಸಭೆ ಆಗುತ್ತದಲ್ಲ, ಅಲ್ಲಿಗೆ ನೀವೇ ಹೋಗಿ ಕೇಳಿ. ನೀರು ಎಲ್ಲಿ, ಚಿಲಕ ಎಲ್ಲಿ ಅಂತ ಕೇಳಿ. ನಾನೂ ಟೀಚರೇ, ನನಗೂ ಕೇಳಿ. ಗಂಡಸರು ಸಭೆಯಲ್ಲಿ ಕಟ್ಟಡ, ಕಾಂಪೌಂಡು ಅಂತ ಮಾತಾಡುತ್ತಾರೆ. ಕಕ್ಕಸ್ಸಿನ ಮಾತು ತಾಯಂದಿರೇ ಎತ್ತಬೇಕು.

ಈಗ ಹುಳದ ಮಾತಿಗೆ ಬರೋಣ. ಹೊಟ್ಟೆನೋವು ಅಂದ ಕೂಡಲೇ "ಹುಳ ಆಗಿದೆ, ಬೆಲ್ಲ ಜಾಸ್ತಿ ತಿಂದಿದ್ದಾನೆ" ಅಂತೀವಿ. ಬೆಲ್ಲದಿಂದ ಹುಳ ಹುಟ್ಟುವುದಿಲ್ಲ. ಹುಳದ ಮೊಟ್ಟೆಯಿಂದ ಹುಳ ಹುಟ್ಟುತ್ತದೆ. ಮೊಟ್ಟೆ ಎಲ್ಲಿಂದ ಬಂತು? ಹುಳ ಇರುವವರು ಬಯಲಿಗೆ ಹೋದರೆ ಮಲದ ಜೊತೆ ಮೊಟ್ಟೆ ಮಣ್ಣಿಗೆ ಬೀಳುತ್ತದೆ. ಆ ಮಣ್ಣಿನಿಂದ ಕೈಗೆ, ಉಗುರಿಗೆ, ಸೊಪ್ಪಿಗೆ, ನೀರಿಗೆ ಬರುತ್ತದೆ. ಕೈಯಿಂದ ಬಾಯಿಗೆ ಹೋಗುತ್ತದೆ. ದುಂಡು ಹುಳ ಅಂತ ಒಂದಿದೆ. ನೋಡೋಕೆ ಎರೆಹುಳದ ಹಾಗೆ, ಆದರೆ ಬೆಳ್ಳಗೆ. ಒಂದು ಗೇಣು, ಕೆಲವು ಸಲ ಅದಕ್ಕೂ ಉದ್ದ ಬೆಳೆಯುತ್ತದೆ. ಒಂದು ಹೆಣ್ಣು ಹುಳ ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ. ಲೆಕ್ಕ ತಪ್ಪಲ್ಲ, ಎರಡು ಲಕ್ಷವೇ. ಮೊಟ್ಟೆ ಕಣ್ಣಿಗೆ ಕಾಣುವುದಿಲ್ಲ.

ಇನ್ನೊಂದು ಕೊಕ್ಕೆ ಹುಳ. ಇದು ಹೆಚ್ಚಾಗಿ ಕಾಲಿನಿಂದ ಬರುತ್ತದೆ. ಮಲ ಬಿದ್ದ ತೇವದ ಮಣ್ಣಿನಲ್ಲಿ ಅದರ ಮರಿ ಇರುತ್ತದೆ. ಬರಿಗಾಲಲ್ಲಿ ತುಳಿದರೆ ಚರ್ಮ ಕೊರೆದು ಒಳಗೆ ಹೋಗುತ್ತದೆ. ತರೀಕೆರೆ, ಲಕ್ಕವಳ್ಳಿ ಕಡೆ ಅಡಿಕೆ ತೋಟದ ನೆರಳಿನ ಮಣ್ಣು ಇದಕ್ಕೆ ಹೇಳಿ ಮಾಡಿಸಿದ ಜಾಗ. ಅಡಿಕೆ ಹೆಕ್ಕಲು ಹೋಗುವ ಮಕ್ಕಳಿಗೂ, ದೊಡ್ಡವರಿಗೂ ಚಪ್ಪಲಿ ಬೇಕು. ಕೊಕ್ಕೆ ಹುಳ ಕರುಳು ಕಚ್ಚಿ ರಕ್ತ ಹೀರುತ್ತದೆ. ಮಗು ಬಿಳುಚಿಕೊಳ್ಳುತ್ತದೆ, ಸುಸ್ತು ಅನ್ನುತ್ತದೆ. ಕೆಲವು ಮಕ್ಕಳು ಮಣ್ಣು, ಬಳಪ, ಗೋಡೆಯ ಸುಣ್ಣ ತಿನ್ನುತ್ತಾರೆ. ನಮ್ಮ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಬಳಪದ ಪೆಟ್ಟಿಗೆಯನ್ನೇ ಖಾಲಿ ಮಾಡುತ್ತಿದ್ದಳು. ಪರೀಕ್ಷೆ ಮಾಡಿಸಿದರೆ ರಕ್ತ ತುಂಬಾ ಕಡಿಮೆ. ಬಳಪ ತಿನ್ನುವ ಮಗುವಿಗೆ ಹೊಡೆಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಕಿರು ಹುಳ ಅಂತ ಇನ್ನೊಂದು. ದಾರದ ತುಂಡಿನ ಹಾಗೆ ಇರುತ್ತದೆ. ರಾತ್ರಿ ಮಗು ಹಿಂದುಗಡೆ ಕೆರೆದುಕೊಳ್ಳುತ್ತದೆ. ಇದು ಇದ್ದರೆ ಮನೆಯವರೆಲ್ಲ ಒಟ್ಟಿಗೆ ಔಷಧಿ ತಗೋಬೇಕು, ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೀಬೇಕು. ನಿದ್ದೆಯಲ್ಲಿ ಹಲ್ಲು ಕಡಿದರೆ ಹುಳ ಅಂತಾರಲ್ಲ, ಅದಕ್ಕೂ ಹುಳಕ್ಕೂ ಸಂಬಂಧ ಇಲ್ಲ.

ಹುಳಕ್ಕೆ ಔಷಧಿ ಸುಲಭ. 2015ರಲ್ಲಿ ಜಂತುಹುಳು ನಿವಾರಣಾ ದಿನ ಶುರುವಾಯಿತು. ಫೆಬ್ರುವರಿ 10 ಮತ್ತು ಆಗಸ್ಟ್ 10 ಅದರ ದಿನಗಳು. ಅಂಗನವಾಡಿಯಲ್ಲಿ, ಶಾಲೆಯಲ್ಲಿ ಅಲ್ಬೆಂಡಜೋಲ್ ಮಾತ್ರೆಯನ್ನು ಹಣ ಇಲ್ಲದೆ ಕೊಡುತ್ತಾರೆ. ಒಂದರಿಂದ ಎರಡು ವರ್ಷದ ಮಗುವಿಗೆ ಅರ್ಧ ಮಾತ್ರೆ. ಎರಡು ವರ್ಷ ದಾಟಿದವರಿಗೆ 19 ವರ್ಷದವರೆಗೆ ಒಂದು ಮಾತ್ರೆ. ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ಕೊಡಬೇಕು, ದೊಡ್ಡವರು ಅಗಿದು ತಿನ್ನಬೇಕು. ಅವತ್ತು ಮಗುವಿಗೆ ಜ್ವರ, ಹುಷಾರಿಲ್ಲ ಅಂದರೆ ಹೇಳಿ, ಆಮೇಲೆ ಕೊಡುತ್ತಾರೆ. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದರೆ ಮಾತ್ರೆ ತಿಂದ ದಿನ ಸ್ವಲ್ಪ ಹೊಟ್ಟೆ ತೊಳಸಬಹುದು, ನೋವು ಬರಬಹುದು. ಸಾಮಾನ್ಯವಾಗಿ ಬೇಗ ಸರಿಹೋಗುತ್ತದೆ. ಅದನ್ನೇ ಹಿಡಿದು "ಶಾಲೆಯಲ್ಲಿ ಏನೋ ಕೊಟ್ಟರು" ಅಂತ ಊರೆಲ್ಲ ಗುಲ್ಲು ಎಬ್ಬಿಸಬೇಡಿ. ಅವತ್ತು ಬೇಕಂತ ಮಗುವನ್ನು ಮನೆಯಲ್ಲಿ ಉಳಿಸಿಕೊಳ್ಳುವವರು ಇದ್ದಾರೆ. ಅವರ ಮಗುವಿನ ಹುಳ ಮಣ್ಣಿಗೆ ಬಂದು, ಮಾತ್ರೆ ತಿಂದ ಮಗುವಿಗೆ ಮತ್ತೆ ಸೇರುತ್ತದೆ. ಸೋಪು, ಕಕ್ಕಸ್ಸು, ಚಪ್ಪಲಿ ಇಲ್ಲದೆ ಬರೀ ಮಾತ್ರೆಯಿಂದ ಹುಳ ಹೋಗುವುದಿಲ್ಲ.

ಹಸಿವು ಕೂಡ ಹೊಟ್ಟೆನೋವೇ. ನಮ್ಮದು ಕಾಫಿ ಜಿಲ್ಲೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿಸಿ ಶಾಲೆಗೆ ಕಳಿಸುತ್ತೇವೆ. ಹತ್ತು ಗಂಟೆಗೆ ಪ್ರಾರ್ಥನೆಯಲ್ಲಿ ನಿಂತ ಮಗುವಿಗೆ ಹೊಟ್ಟೆ ಉರಿ, ವಾಕರಿಕೆ. ಕಾಫಿ ಬಿಡಿ. ರಾತ್ರಿಯ ಮುದ್ದೆ ಮಜ್ಜಿಗೆಗೆ ಕಿವುಚಿ ಕೊಟ್ಟರೂ ಆಯಿತು. ಬಿಸಿಯೂಟ ಮಧ್ಯಾಹ್ನ ಇದೆ ಅಂತ ಬೆಳಿಗ್ಗೆ ಉಪವಾಸ ಕಳಿಸಬೇಡಿ. ಇನ್ನು ಹಾಲು. 2013ರ ಆಗಸ್ಟ್‌ನಿಂದ ಕ್ಷೀರ ಭಾಗ್ಯದಲ್ಲಿ ಮಕ್ಕಳಿಗೆ ಹಾಲು ಕೊಡುತ್ತಿದ್ದಾರೆ. ಒಳ್ಳೆಯದೇ. ಕೆಲವು ಮಕ್ಕಳಿಗೆ ಮಾತ್ರ ಹಾಲು ಜೀರ್ಣ ಆಗುವುದಿಲ್ಲ. ಕುಡಿದ ಸ್ವಲ್ಪ ಹೊತ್ತಿಗೆ ಹೊಟ್ಟೆ ಉಬ್ಬರ, ಗುಡುಗುಡು, ಭೇದಿ. ಪುಸ್ತಕದಲ್ಲಿ ಬರೆದರೆ ಗೊತ್ತಾಗುತ್ತದೆ. ಅಂಥ ಮಕ್ಕಳಿಗೆ ಮೊಸರು, ಮಜ್ಜಿಗೆ ಹೆಚ್ಚಾಗಿ ಒಗ್ಗುತ್ತದೆ.

ಕೆಲವು ಸಲ ಹುಳವೂ ಇಲ್ಲ, ಮಲಬದ್ಧತೆಯೂ ಇಲ್ಲ, ಪರೀಕ್ಷೆಯಲ್ಲಿ ಏನೂ ಸಿಗುವುದಿಲ್ಲ. ಡಾಕ್ಟರು "ಏನೂ ಇಲ್ಲ" ಅಂತಾರೆ. ಮಗುವಿಗೆ ನೋವು ಇದ್ದೇ ಇದೆ. ಹೊಟ್ಟೆಗೂ ತಲೆಗೂ ನರಗಳ ನಂಟು ಇದೆ. ಮನೆಯಲ್ಲಿ ಜಗಳ ಆದಾಗ ನಿಮಗೇ ಹೊಟ್ಟೆಯಲ್ಲಿ ಸಂಕಟ ಆಗಲ್ವಾ? ಮಗುವಿಗೂ ಹಾಗೇ. ಅಪ್ಪ ಕುಡಿದು ಬರುವ ರಾತ್ರಿ, ಶಾಲೆಯಲ್ಲಿ ಹೊಡೆಯುವ ಮೇಷ್ಟ್ರು, ದಾರಿಯಲ್ಲಿ ಕಾಡುವ ಹುಡುಗರು, ಮನೆಯಲ್ಲಿ ಸತ್ತುಹೋದ ಅಜ್ಜಿ. ಇವನ್ನೆಲ್ಲ ಬಾಯಲ್ಲಿ ಹೇಳಲು ಮಗುವಿಗೆ ಬರುವುದಿಲ್ಲ. ಹೊಟ್ಟೆನೋವು ಅನ್ನುತ್ತದೆ. ಭಾನುವಾರ ಇಲ್ಲದ ನೋವು ಸೋಮವಾರ ಬಂದರೆ "ಕಳ್ಳ, ಶಾಲೆಗೆ ಚಕ್ಕರ್" ಅಂತ ಎಳೆದು ತರಬೇಡಿ. ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿ. ಯಾರಾದರೂ ಮೈ ಮುಟ್ಟುತ್ತಾರಾ, ಹೆದರಿಸುತ್ತಾರಾ ಅಂತಲೂ ಕೇಳಿ. ತಾಯಿಗೆ ಅರೆತಲೆನೋವು ಇದ್ದರೆ ಮಗುವಿಗೆ ಅದೇ ಜಾತಿಯ ಹೊಟ್ಟೆನೋವು ಬರುವುದೂ ಉಂಟು. ಮುಖ ಬಿಳುಚುತ್ತೆ, ವಾಂತಿ ಬರುತ್ತೆ, ಮಲಗಿ ಎದ್ದರೆ ಹೋಗುತ್ತೆ. ಇದನ್ನೂ ಡಾಕ್ಟರಿಗೆ ಹೇಳಿ.

ಹೆಣ್ಣುಮಕ್ಕಳ ಒಂದು ವಿಷಯ. ಹನ್ನೊಂದು, ಹನ್ನೆರಡು ವರ್ಷ ಆದಮೇಲೆ ಪುಸ್ತಕದಲ್ಲಿ ತಾರೀಖು ನೋಡಿ. ತಿಂಗಳಿಗೊಮ್ಮೆ ನೋವು ಬಂದರೆ ಅದು ಮುಟ್ಟಿನ ನೋವಿರಬಹುದು. ತಿಂಗಳು ತಿಂಗಳು ನೋವು ಬರುತ್ತಿದೆ, ಆದರೆ ಮುಟ್ಟು ಕಾಣುತ್ತಿಲ್ಲ ಅಂದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ಉಚ್ಚೆ ಹೊಯ್ಯುವಾಗ ಉರಿ, ಪದೇ ಪದೇ ಹೋಗುವುದು, ಜ್ವರ, ಕೆಳಹೊಟ್ಟೆ ನೋವು ಇದ್ದರೆ ಮೂತ್ರದ ಸೋಂಕು. ಅದಕ್ಕೂ ಪರೀಕ್ಷೆ ಇದೆ, ಔಷಧಿ ಇದೆ.

ಇಷ್ಟು ಹೊತ್ತು ಹೇಳಿದ್ದು ಕಾದು, ಬರೆದು, ನೋಡಬಹುದಾದ ನೋವು. ಈಗ ಹೇಳುವುದು ಕಾಯಬಾರದ ನೋವು. ಇದನ್ನು ನಿಧಾನವಾಗಿ ಎರಡು ಸಲ ಓದಿ.

ಮೊದಲು ಹೊಕ್ಕಳ ಹತ್ತಿರ ನೋವು ಶುರುವಾಗಿ, ಆಮೇಲೆ ಬಲಗಡೆ ಕೆಳಹೊಟ್ಟೆಗೆ ಇಳಿಯಿತು. ವಾಂತಿ, ಸಣ್ಣ ಜ್ವರ. ಮಗು ಬಗ್ಗಿ ನಡೆಯುತ್ತದೆ, ಕುಣಿ ಅಂದರೆ ಕುಣಿಯಲಾರದು. ಇದು ಅಪೆಂಡಿಕ್ಸ್ ಇರಬಹುದು. ಕರುಳಿನ ಒಂದು ಚಿಕ್ಕ ಬಾಲ ಬಾತುಕೊಂಡಿರುತ್ತದೆ. ಹರಳೆಣ್ಣೆ ಕುಡಿಸಿದರೆ ಅದು ಒಳಗೇ ಒಡೆದುಹೋಗಬಹುದು. ಒಡೆದರೆ ಜೀವಕ್ಕೆ ಅಪಾಯ. ಎಣ್ಣೆ ಬೇಡ, ಎನಿಮಾ ಬೇಡ, ಹೊಟ್ಟೆ ತೀಡುವುದು ಬೇಡ, ಊಟವೂ ಬೇಡ. ಅವತ್ತೇ ಆಸ್ಪತ್ರೆಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ಹಸಿರು ವಾಂತಿ, ರಕ್ತದ ವಾಂತಿ, ಮಲದಲ್ಲಿ ರಕ್ತ ಅಥವಾ ಡಾಂಬರಿನ ಹಾಗೆ ಕಪ್ಪು ಮಲ. ಹೊಟ್ಟೆ ಉಬ್ಬಿ ಕಲ್ಲಿನ ಹಾಗೆ ಆಗಿ, ಗಾಳಿಯೂ ಹೋಗದೆ ಇರುವುದು. ಇವಕ್ಕೂ ಅವತ್ತೇ ಆಸ್ಪತ್ರೆ.

ಎರಡು ವರ್ಷದ ಒಳಗಿನ ಕೂಸು ಇದ್ದಕ್ಕಿದ್ದಂತೆ ಕಾಲು ಮಡಿಚಿ ಕಿರುಚುತ್ತದೆ, ಸುಮ್ಮನಾಗುತ್ತದೆ, ಮತ್ತೆ ಕಿರುಚುತ್ತದೆ. ಆಮೇಲೆ ಕೆಂಪು ಲೋಳೆಯ ಹಾಗೆ ಮಲ. ಕರುಳು ಕರುಳಿನ ಒಳಗೇ ತೂರಿಕೊಂಡಿರಬಹುದು. ದೃಷ್ಟಿ ತೆಗೆಯುತ್ತಾ ಕೂರಬೇಡಿ.

ಗಂಡುಹುಡುಗರು ನಾಚಿಕೆಗೆ ಹೊಟ್ಟೆನೋವು ಅಂತಾರೆ, ನೋವು ಇರುವುದು ಬೀಜದಲ್ಲಿ. ಊದಿದ್ದರೆ, ಜೋರು ನೋವಿದ್ದರೆ ಬೀಜ ತಿರುಚಿಕೊಂಡಿರಬಹುದು. ಆರು ಗಂಟೆ ಒಳಗೆ ಆಸ್ಪತ್ರೆ ಸೇರಿದರೆ ಉಳಿಯುವ ಸಾಧ್ಯತೆ ಹೆಚ್ಚು.

ಮಗು ತುಂಬಾ ನೀರು ಕುಡಿಯುತ್ತದೆ, ಪದೇ ಪದೇ ಉಚ್ಚೆ ಮಾಡುತ್ತದೆ, ತೆಳ್ಳಗಾಗುತ್ತಿದೆ, ಈಗ ಹೊಟ್ಟೆನೋವು, ವಾಂತಿ, ಜೋರು ಉಸಿರು ಶುರುವಾಗಿದೆ. ಇದು ಸಕ್ಕರೆ ಕಾಯಿಲೆ ಇರಬಹುದು. ಮಕ್ಕಳಿಗೂ ಬರುತ್ತದೆ. ಕೂಡಲೇ ರಕ್ತದ ಸಕ್ಕರೆ ನೋಡಿ ಅಂತ ನೀವೇ ಕೇಳಿ.

ಅಜ್ಜಂಪುರದ ಕಡೆ ಈರುಳ್ಳಿ ಹೊಲಕ್ಕೆ ಔಷಧಿ ಹೊಡೆಯುತ್ತಾರೆ. ಹೊಡೆದ ಹೊಲದಲ್ಲಿ ಆಡಿದ, ಕಳೆ ಕಿತ್ತ ಮಗುವಿಗೆ ವಾಂತಿ, ಹೊಟ್ಟೆನೋವು, ಜೊಲ್ಲು, ಬೆವರು ಬಂದರೆ ಅದು ವಿಷ. ವಾಂತಿ ಮಾಡಿಸಲು ಹೋಗಬೇಡಿ. ಬಟ್ಟೆ ಬಿಚ್ಚಿ ಸೋಪು ನೀರಲ್ಲಿ ಮೈ ತೊಳೆದು, ಔಷಧಿಯ ಡಬ್ಬಿಯನ್ನೂ ಜೊತೆಗೆ ತಗೊಂಡು ಆಸ್ಪತ್ರೆಗೆ ಓಡಿ. ಖಾಲಿ ಡಬ್ಬಿಯಲ್ಲಿ ಕುಡಿಯುವ ನೀರು ತುಂಬುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟು ತೊಳೆದರೂ ಬೇಡ.

ಇಂಥ ಹೊತ್ತಿಗೆ 108ಕ್ಕೆ ಫೋನ್ ಮಾಡಿ. ಆ ಆಂಬುಲೆನ್ಸಿಗೆ ದುಡ್ಡು ಕೊಡಬೇಕಾಗಿಲ್ಲ.

ಅವತ್ತೇ ಅಲ್ಲದಿದ್ದರೂ ಆ ವಾರವೇ ತೋರಿಸಬೇಕಾದ್ದು ಕೆಲವು ಇವೆ. ಮಗುವಿನ ತೂಕ ಇಳಿಯುತ್ತಿದೆ. ನೋವಿಗೆ ರಾತ್ರಿ ನಿದ್ದೆಯಿಂದ ಏಳುತ್ತದೆ. ಕಣ್ಣು, ಉಚ್ಚೆ ಹಳದಿ. ಸಂಜೆ ಸಂಜೆ ಜ್ವರ ಬಂದು ವಾರಗಟ್ಟಲೆ ಬಿಡುವುದಿಲ್ಲ, ಮನೆಯಲ್ಲಿ ಯಾರಿಗೋ ಟಿ.ಬಿ. ಇತ್ತು. ನೋವು ಹೊಕ್ಕಳಿನಿಂದ ದೂರ, ಯಾವಾಗಲೂ ಒಂದೇ ಜಾಗದಲ್ಲಿ. ಆಪ್ಲಿ ಡಾಕ್ಟರು ಹೇಳಿದ್ದು ಇದನ್ನೇ. ನೋವು ಹೊಕ್ಕಳಿನಿಂದ ದೂರ ಹೋದಷ್ಟೂ ಒಳಗೆ ಕಾಯಿಲೆ ಇರುವ ಸಂಭವ ಹೆಚ್ಚು. ಅದಕ್ಕೇ ಪುಸ್ತಕದಲ್ಲಿ "ಎಲ್ಲಿ" ಅಂತ ಬರೆಯಲು ಹೇಳಿದ್ದು. ಮಗುವಿಗೆ ಒಂದೇ ಬೆರಳಲ್ಲಿ ತೋರಿಸು ಅನ್ನಿ.

ಆಸ್ಪತ್ರೆಗೆ ಹೋಗುವಾಗ ಆ ಪುಸ್ತಕ ಮರೆಯಬೇಡಿ. ಅಂಗಡಿಯಲ್ಲಿ ತಂದು ಕೊಟ್ಟ ಮಾತ್ರೆಯ ಕಾಗದ ಇದ್ದರೆ ಅದನ್ನೂ, ನಾಟಿ ಔಷಧಿ ಕೊಟ್ಟಿದ್ದರೆ ಅದನ್ನೂ ತಗೊಂಡು ಹೋಗಿ. ಡಾಕ್ಟರು ಬೈತಾರೆ ಅಂತ ಮುಚ್ಚಿಡಬೇಡಿ. ಮೊದಲು ನಿಮ್ಮ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ. ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆಯಿರಿ. ಅಲ್ಲಿಂದ ಕಡೂರು, ತರೀಕೆರೆ, ಅಜ್ಜಂಪುರದ ಸರ್ಕಾರಿ ಆಸ್ಪತ್ರೆಗೆ ಬರೆದು ಕಳಿಸಬಹುದು. ಆಪರೇಷನ್ನು, ದೊಡ್ಡ ಪರೀಕ್ಷೆ ಅಂದರೆ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ, ಇಲ್ಲವೇ ತರೀಕೆರೆಯವರಿಗೆ ಹತ್ತಿರವಾದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಚೀಟಿಯಲ್ಲಿ ಏನು ಬರೆದಿದ್ದಾರೆ, ಯಾವ ಮಾತ್ರೆ ಎಷ್ಟು ದಿನ ಅಂತ ಅಲ್ಲೇ ನಿಂತು ಕೇಳಿ. ಕೇಳಿದ್ದನ್ನು ಅದೇ ಪುಸ್ತಕದಲ್ಲಿ ನಿಮ್ಮ ಕೈಯಲ್ಲೇ ಬರೆದುಕೊಳ್ಳಿ.